ಕುತ್ತಿಗೆಯ ಗಂಟು ಶ್ವಾಸನಾಳಕ್ಕೆ ಇಳಿದಾಗ

ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆ ಹಿಡಿಯಿತೆಂದರೆ ಕೊಡಗಿನಲ್ಲಿ ಕೆಮ್ಮು, ಉಬ್ಬಸ ಇಲ್ಲದ ಮನೆ ಅಪರೂಪ. ಹೂಮಳೆ ಬಿದ್ದು ಕಾಫಿ ಹೂ ಬಿಟ್ಟಾಗಲೂ ಕೆಲವರಿಗೆ ಇದೇ ಗೋಳು. ಹಾಗಾಗಿ ಉಸಿರಿನಲ್ಲಿ ಸದ್ದು ಕೇಳಿದರೆ ಇನ್‌ಹೇಲರ್ ಬರೆದುಕೊಡುವುದು, ಅದನ್ನೇ ವರ್ಷಗಟ್ಟಲೆ ಎಳೆದುಕೊಂಡು ಹೋಗುವುದು ಇಲ್ಲಿ ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ಬಹಳ ಜನಕ್ಕೆ ಅದು ಸರಿಯಾದ ಮದ್ದೇ. ಆದರೆ ಕುತ್ತಿಗೆಯಲ್ಲಿ ಗಂಟಿದೆ, ಉಸಿರು ಒಳಗೆಳೆಯುವಾಗ ಸದ್ದು ಬರುತ್ತಿದೆ, ಇನ್‌ಹೇಲರ್‌ಗೆ ಜಗ್ಗುತ್ತಿಲ್ಲ, ಈ ಮೂರೂ ಸೇರಿದರೆ ಎದೆಯನ್ನು ಬಿಟ್ಟು ಕುತ್ತಿಗೆಯನ್ನು ನೋಡಬೇಕು. ಕುತ್ತಿಗೆಯ ಮುಂಭಾಗದ ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್ ಶ್ವಾಸನಾಳದ ಗೋಡೆಯನ್ನು ಕೊರೆದು ಒಳಗೆ ಇಳಿದಿರಬಹುದು.

ಎರಡು ಸದ್ದುಗಳನ್ನು ಬೇರೆ ಮಾಡುವುದು ಕಷ್ಟವಲ್ಲ. ಉಬ್ಬಸದ ಸುಯ್ ಸದ್ದು ಉಸಿರು ಹೊರಬಿಡುವಾಗ ಹೆಚ್ಚು, ಕೇಳುವುದು ಎದೆಯ ಮೇಲೆ. ಶ್ವಾಸನಾಳ ಕುತ್ತಿಗೆಯ ಮಟ್ಟದಲ್ಲಿ ಕಿರಿದಾದಾಗ ಬರುವ ಸ್ಟ್ರೈಡರ್ ಒಳಗೆಳೆಯುವಾಗ ಹೆಚ್ಚು, ಸ್ಟೆತಸ್ಕೋಪನ್ನು ಗಂಟಲಿನ ಮೇಲಿಟ್ಟರೆ ಜೋರಾಗಿ ಕೇಳುತ್ತದೆ. ಅಂಗಾತ ಮಲಗಿದರೆ ಹೆಚ್ಚಾಗುತ್ತದೆ. ಮನೆಯವರು ರಾತ್ರಿ ನಿದ್ದೆಯಲ್ಲಿ ಅರ್ಧ ನಿಮಿಷ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ ಡಾಕ್ಟರಿಗೆ ಕೇಳಿಸಿದರೆ ಅದು ಒಂದು ಪುಟದ ವಿವರಣೆಗಿಂತ ಉಪಯೋಗ. ವಯಸ್ಕರ ಶ್ವಾಸನಾಳದ ಒಳ ಅಗಲ ಸುಮಾರು 15ರಿಂದ 20 ಮಿ.ಮೀ. ಅದು 8 ಮಿ.ಮೀ.ಗೆ ಇಳಿಯುವ ತನಕ ಏರು ಹತ್ತುವಾಗಲೂ ತೊಂದರೆ ಅಷ್ಟಾಗಿ ಗೊತ್ತಾಗದು. 5 ಮಿ.ಮೀ.ಗೆ ಬಂದರೆ ಸುಮ್ಮನೆ ಕುಳಿತಾಗಲೂ ಸದ್ದು. ಅಂದರೆ ಸದ್ದು ಕೇಳಿಸುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ದಾರಿ ಮುಚ್ಚಿರುತ್ತದೆ. ಅಲ್ಲಿಂದ ಮುಂದೆ ಒಂದು ಶೀತ, ಒಂದಿಷ್ಟು ಗಟ್ಟಿ ಕಫ ಸಾಕು, ಉಸಿರು ಕಟ್ಟಲು.

ಇನ್ನೊಂದು ಸುಳಿವು ಕಫದಲ್ಲಿ ರಕ್ತ. ನಮ್ಮಲ್ಲಿ ಇದು ತಪ್ಪಿಹೋಗಲು ಒಂದು ಸರಳ ಕಾರಣವಿದೆ: ಎಲೆ ಅಡಿಕೆ. ಲೈನ್‌ಮನೆಯಲ್ಲಾಗಲಿ ದೊಡ್ಡ ಮನೆಯಲ್ಲಾಗಲಿ, ತಾಂಬೂಲ ಹಾಕುವವರ ಉಗುಳು ಯಾವಾಗಲೂ ಕೆಂಪೇ. ಬೆಳಿಗ್ಗೆ ಎದ್ದು ಬಾಯಿ ಚೆನ್ನಾಗಿ ಮುಕ್ಕಳಿಸಿ, ಎಲೆ ಹಾಕುವ ಮೊದಲು ಕೆಮ್ಮಿ, ಬಂದ ಕಫವನ್ನು ಬಿಳಿ ಬಟ್ಟೆಯ ಮೇಲೆ ಉಗುಳಿ ನೋಡಿದರೆ ಗೊತ್ತಾಗುತ್ತದೆ. ಕುತ್ತಿಗೆಯ ಗಂಟು ಇದ್ದವರ ಕಫದಲ್ಲಿ ರಕ್ತದ ಎಳೆ ಕಂಡರೆ, ಶ್ವಾಸನಾಳದ ಒಳಪದರವನ್ನೂ ಗಡ್ಡೆ ದಾಟಿದೆಯೇ ಎಂದು ನೋಡಲೇಬೇಕು. ಟಿಬಿ ಪರೀಕ್ಷೆ ಮಾಡಿಸಬಾರದೆಂದಲ್ಲ, ಅಲ್ಲಿಗೇ ನಿಲ್ಲಿಸಬಾರದು.

ಸ್ವರದ ವಿಷಯದಲ್ಲಿ ಹುಷಾರು ಬೇಕು. ಸ್ವರ ಒಡೆದಿದ್ದರೆ ಅನುಮಾನ ಸರಿ, ಆದರೆ ಸ್ವರ ಚೆನ್ನಾಗಿದೆ ಅಂದಮಾತ್ರಕ್ಕೆ ಧ್ವನಿಪೆಟ್ಟಿಗೆಯ ನರ ಚೆನ್ನಾಗಿದೆ ಅನ್ನುವಂತಿಲ್ಲ. ಒಂದು ಧ್ವನಿತಂತು ನಿಧಾನವಾಗಿ ನಿಂತುಹೋದರೆ ಇನ್ನೊಂದು ಮಧ್ಯರೇಖೆ ದಾಟಿ ಬಂದು ಕೆಲಸ ಸರಿದೂಗಿಸುತ್ತದೆ. ಆದ್ದರಿಂದ ಥೈರಾಯ್ಡ್ ಆಪರೇಷನ್‌ಗೆ ಮೊದಲು ಮೂಗಿನ ಮೂಲಕ ಸಣ್ಣ ಸ್ಕೋಪ್ ಹಾಕಿ ಎರಡೂ ತಂತುಗಳ ಚಲನೆ ನೋಡಿ ಬರೆದಿಡಬೇಕು. ಐದು ನಿಮಿಷದ ಕೆಲಸ.

ಗಳಗಂಡ ಮಲೆನಾಡಿಗೆ ಹೊಸದಲ್ಲ. ಧಾರಾಕಾರ ಮಳೆ ಮಣ್ಣಿನ ಅಯೋಡಿನ್ ತೊಳೆದುಕೊಂಡು ಹೋಗುವ ಬೆಟ್ಟದ ಸೀಮೆಗಳಲ್ಲೆಲ್ಲ ಅದು ಇದ್ದದ್ದೇ. 'ಅಜ್ಜಿಗೂ ಇತ್ತು, ಏನೂ ಆಗಲಿಲ್ಲ' ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆದರೂ ಹೆಚ್ಚಿನವು ಪ್ಯಾಪಿಲರಿ ಎಂಬ ನಿಧಾನದ ಜಾತಿ. ಶ್ವಾಸನಾಳಕ್ಕೆ ಇಳಿಯುವುದು ಅವುಗಳಲ್ಲಿ ಒಂದು ಸಣ್ಣ ಪಾಲು ಮಾತ್ರ, ಹೆಚ್ಚಾಗಿ ವಯಸ್ಸಾದವರಲ್ಲಿ. ಬಹಳ ವರ್ಷದಿಂದ ಇದ್ದ ಗಂಟು ಇದ್ದಕ್ಕಿದ್ದಂತೆ ಗಟ್ಟಿಯಾದರೆ, ನುಂಗುವಾಗ ಮೇಲೆ ಕೆಳಗೆ ಜಾರದೆ ನಿಂತಲ್ಲೇ ನಿಂತರೆ ಅಜ್ಜಿಯ ಲೆಕ್ಕ ಬಿಡಬೇಕು.

ಇಳಿಯುವುದು ಹೇಗೆ ಎಂಬುದು ಗೊತ್ತಿದ್ದರೆ ಆಪರೇಷನ್ ಅರ್ಥವಾಗುತ್ತದೆ. ಶ್ವಾಸನಾಳ ಸುಮಾರು 11 ಸೆಂ.ಮೀ. ಉದ್ದ. 16ರಿಂದ 20 ಮೃದ್ವಸ್ಥಿಯ ಉಂಗುರಗಳು, ಪೂರ್ಣ ಉಂಗುರವಲ್ಲ, ಕುದುರೆ ಲಾಳದ ಹಾಗೆ ಹಿಂದೆ ತೆರೆದವು. ಹಿಂದಿನ ತೆರೆದ ಭಾಗ ಬರೀ ಪೊರೆ, ಅದರ ಬೆನ್ನಿಗೇ ಅನ್ನನಾಳ. ಥೈರಾಯ್ಡ್ ಗ್ರಂಥಿ ಮೇಲಿನ ಎರಡು ಮೂರು ಉಂಗುರಗಳಿಗೆ ಬೆರಿ ಕಟ್ಟು ಎಂಬ ಗಟ್ಟಿ ನಾರಿನಿಂದ ಬಿಗಿದುಕೊಂಡಿರುತ್ತದೆ, ಧ್ವನಿಪೆಟ್ಟಿಗೆಯ ನರ ಹಾದುಹೋಗುವುದೂ ಅಲ್ಲೇ. ಮೃದ್ವಸ್ಥಿ ಸ್ವತಃ ಕ್ಯಾನ್ಸರಿಗೆ ಒಳ್ಳೆಯ ಬೇಲಿ. ಗಡ್ಡೆ ನುಸುಳುವುದು ಎರಡು ಉಂಗುರಗಳ ನಡುವಿನ ಸಂದಿಯಲ್ಲಿ, ರಕ್ತನಾಳಗಳು ಒಳಹೋಗುವ ತೂತುಗಳ ಗುಂಟ. ತೋಟಕ್ಕೆ ಆನೆ ಬರುವುದೂ ಕಂದಕ ಕುಸಿದ ಜಾಗದಲ್ಲೇ ತಾನೆ. ಒಮ್ಮೆ ಒಳಪದರದ ಅಡಿಗೆ ಮುಟ್ಟಿದರೆ ಅಡ್ಡಡ್ಡವಾಗಿ ಹರಡುತ್ತದೆ. ಹೊರಗಿನಿಂದ ಎರಡು ಉಂಗುರಕ್ಕೆ ಮಾತ್ರ ಅಂಟಿದಂತೆ ಕಂಡದ್ದು ಒಳಗೆ ಅದಕ್ಕಿಂತ ಅಗಲವಾಗಿರುವುದುಂಟು.

ಈ ಆಳವನ್ನೇ 1993ರಲ್ಲಿ ಶಿನ್ ಮತ್ತು ಸಂಗಡಿಗರು ಹಂತಗಳಾಗಿ ವಿಂಗಡಿಸಿದರು. ಗ್ರಂಥಿಯ ಕವಚ ದಾಟಿ ಮೃದ್ವಸ್ಥಿಯ ಹೊರಪೊರೆಗೆ ತಾಗಿದ್ದರೆ 1. ಮೃದ್ವಸ್ಥಿಯೊಳಗೆ ಅಥವಾ ಉಂಗುರಗಳ ನಡುವೆ ಹೊಕ್ಕಿದ್ದರೆ 2. ಒಳಪದರವಾದ ಲೋಳೆಪೊರೆಯ ಅಡಿಗೆ ಬಂದಿದ್ದರೆ 3. ಲೋಳೆಪೊರೆಯನ್ನೂ ಸೀಳಿ ಒಳಗೆ ಇಣುಕಿದ್ದರೆ 4. ಯಾವ ಆಪರೇಷನ್ ಎಂಬುದು ಬಹುಮಟ್ಟಿಗೆ ಈ ಅಂಕಿಯಿಂದಲೇ ತೀರ್ಮಾನ. ಆ ಅಂಕಿ ಕತ್ತಿ ಹಿಡಿಯುವ ಮೊದಲೇ ಗೊತ್ತಿರಬೇಕು. ಮೊದಲ ಆಪರೇಷನ್‌ನಲ್ಲಿ ಶುದ್ಧವಾಗಿ ತೆಗೆಯುವ ಅವಕಾಶ ಮತ್ತೆ ಸಿಗುವುದಿಲ್ಲ. ಎರಡನೇ ಸಲ ಎಲ್ಲವೂ ಗಾಯದ ನಾರಿನಲ್ಲಿ ಅಂಟಿಕೊಂಡು ನರ ಯಾವುದು, ಗಡ್ಡೆ ಯಾವುದು ಎಂದು ಬಿಡಿಸಲಾಗದು. ಅರ್ಧಕ್ಕೆ ನಿಲ್ಲಿಸಿ 'ಅಂಟಿಕೊಂಡಿತ್ತು, ಬಿಟ್ಟಿದ್ದೇವೆ' ಎಂದು ಬರೆದ ಡಿಸ್ಚಾರ್ಜ್ ಸಮ್ಮರಿ ಹಿಡಿದು ದೊಡ್ಡ ಊರಿಗೆ ಹೋಗುವುದಕ್ಕಿಂತ, ಏನೂ ಮುಟ್ಟದೆ ಹೋಗುವುದು ಎಷ್ಟೋ ಮೇಲು.

ಅಲ್ಟ್ರಾಸೌಂಡ್ ಇಲ್ಲಿ ಸಾಲದು. ಅದರ ಅಲೆ ಗಾಳಿಯನ್ನು ದಾಟುವುದಿಲ್ಲ, ಶ್ವಾಸನಾಳದ ಹಿಂದೇನಿದೆ ಎಂದು ತೋರಿಸುವುದೂ ಇಲ್ಲ. ಚಿತ್ರ ಸ್ಪಷ್ಟವಾಗಿಸುವ ಕಾಂಟ್ರಾಸ್ಟ್ ಮದ್ದು ಕೊಟ್ಟು ಕುತ್ತಿಗೆ ಮತ್ತು ಎದೆಯ ಸಿಟಿ ಸ್ಕ್ಯಾನ್ ಬೇಕು, ತೆಳು ಪದರಗಳಲ್ಲಿ. ಕಾಂಟ್ರಾಸ್ಟ್‌ನಲ್ಲಿ ಅಯೋಡಿನ್ ಇರುವುದರಿಂದ ಮುಂದೆ ರೇಡಿಯೋ ಅಯೋಡಿನ್ (ಉಳಿದ ಥೈರಾಯ್ಡ್ ಕಣಗಳನ್ನು ಸುಡುವ ವಿಕಿರಣದ ಅಯೋಡಿನ್) ಚಿಕಿತ್ಸೆ ಕೆಡುತ್ತದೆ ಎಂದು ಹಿಂದೇಟು ಹಾಕುವವರು ಈಗಲೂ ಇದ್ದಾರೆ. ಆ ಅಯೋಡಿನ್ 4ರಿಂದ 8 ವಾರದಲ್ಲಿ ದೇಹದಿಂದ ಹೋಗುತ್ತದೆ, ಆಪರೇಷನ್ ಗಾಯ ಮಾಯಲು ಹೇಗೂ ಅಷ್ಟು ಸಮಯ ಬೇಕು. ಅದಕ್ಕೆ ಹೆದರಿ ಕಾಂಟ್ರಾಸ್ಟ್ ಇಲ್ಲದ ಸಿಟಿ ಮಾಡಿಸುವುದು ಮಂಜಿನಲ್ಲಿ ಲೈಟ್ ಹಾಕದೆ ಗಾಡಿ ಓಡಿಸಿದ ಹಾಗೆ. ಆಮೇಲೆ ಬ್ರಾಂಕೋಸ್ಕೋಪಿ, ಅಂದರೆ ಶ್ವಾಸನಾಳದೊಳಗೆ ಸ್ಕೋಪ್ ಇಳಿಸಿ ನೋಡುವುದು. ಒಳಗೆ ನೋಡಿದಾಗ ಬರೀ ಉಬ್ಬು ಇದ್ದು ಲೋಳೆಪೊರೆ ನಯವಾಗಿದ್ದರೆ ಒತ್ತಡ ಮಾತ್ರ ಇರಬಹುದು. ಅಲ್ಲಿ ಕೆಂಪೇರಿ, ಹಿಗ್ಗಿದ ರಕ್ತನಾಳಗಳು ಜೇಡರಬಲೆಯಂತೆ ಕಂಡರೆ 3ನೇ ಹಂತ ಎಂದುಕೊಳ್ಳಬೇಕು. ತಾಗಿದರೆ ರಕ್ತ ಜಿನುಗುವ ಮಾಂಸದ ಮುದ್ದೆ ಕಂಡರೆ 4.

ಇನ್ನು ಆಪರೇಷನ್. 1ನೇ ಹಂತದಲ್ಲಿ ಶೇವ್ ಮಾಡುವುದು ಸಾಕು: ಥೈರಾಯ್ಡ್ ಪೂರ್ತಿ ತೆಗೆದು, ಮೃದ್ವಸ್ಥಿಯ ಮೇಲಿನ ಪೊರೆಯನ್ನು ಬ್ಲೇಡಿನಿಂದ ಹೆರೆದು, ಕಣ್ಣಿಗೆ ಕಾಣುವ ಗಡ್ಡೆ ಏನೂ ಉಳಿಯದಂತೆ ಮಾಡುವುದು. 2ನೇ ಹಂತಕ್ಕೂ ಶೇವ್ ಸಾಕೇ ಎಂಬುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ನನ್ನ ಒಲವು ಕತ್ತರಿಸಿ ತೆಗೆಯುವ ಕಡೆಗೆ, ಮುಖ್ಯವಾಗಿ 55 ದಾಟಿದವರಲ್ಲಿ. ಆ ವಯಸ್ಸಿನ ಮೇಲೆ ಉಳಿದ ಗಡ್ಡೆ ರೇಡಿಯೋ ಅಯೋಡಿನ್ ಹೀರುತ್ತದೆಂಬ ಭರವಸೆ ಕಡಿಮೆ. 3 ಮತ್ತು 4ರಲ್ಲಿ ಶೇವ್ ಮಾಡುವುದೆಂದರೆ ಕಳೆಯ ಬೇರು ಬಿಟ್ಟು ಎಲೆ ಸವರಿದಂತೆ. ಅಲ್ಲಿ ಗೋಡೆಯನ್ನೇ ತೆಗೆಯಬೇಕು.

ಗೋಡೆಯ ಸುತ್ತಳತೆಯಲ್ಲಿ ಮೂರನೇ ಒಂದು ಪಾಲಿಗಿಂತ ಕಡಿಮೆ, ಉದ್ದ ಎರಡು ಮೂರು ಉಂಗುರ ಆದರೆ ಕಿಟಕಿ ಕತ್ತರಿಸಿದ ಹಾಗೆ ಅಷ್ಟನ್ನೇ ತೆಗೆದು ಪಕ್ಕದ ಸ್ನಾಯು ಅಥವಾ ಎಲುಬಿನ ಪೊರೆಯಿಂದ ತೇಪೆ ಹಾಕಬಹುದು. ಅದಕ್ಕಿಂತ ದೊಡ್ಡ ತೂತಿಗೆ ತೇಪೆ ಹಾಕಿದರೆ ಉಸಿರೆಳೆದಾಗ ಒಳಗೆ ಕುಸಿಯುತ್ತದೆ. ಆಗ ಆ ತುಂಡನ್ನು ಪೂರ್ತಿ ಸುತ್ತಲೂ ಕತ್ತರಿಸಿ ತೆಗೆದು, ಮೇಲಿನ ತುದಿಗೆ ಕೆಳಗಿನ ತುದಿ ಜೋಡಿಸುವುದೇ ಸರಿ. ಶ್ವಾಸನಾಳದ ಈ ಶಸ್ತ್ರಚಿಕಿತ್ಸೆಗೆ ಇಂದಿನ ರೂಪ ಕೊಟ್ಟವರಲ್ಲಿ ದೊಡ್ಡ ಹೆಸರು ಬೋಸ್ಟನ್ನಿನ ಹರ್ಮಿಸ್ ಗ್ರಿಲ್ಲೊ.

ಕೆಲಸ ಶುರುವಾಗುವುದು ಅರಿವಳಿಕೆಯಲ್ಲಿ, ಕೆಡುವುದೂ ಹೆಚ್ಚಾಗಿ ಅಲ್ಲೇ. ಕಿರಿದಾದ ನಾಳದ ರೋಗಿಯನ್ನು ಮೊದಲೇ ಪೂರ್ತಿ ಮಲಗಿಸಿ, ಸ್ನಾಯು ಸಡಿಲಿಸುವ ಮದ್ದು ಕೊಟ್ಟರೆ ಅಷ್ಟರತನಕ ತಾನೇ ಎಳೆದುಕೊಳ್ಳುತ್ತಿದ್ದ ಉಸಿರೂ ನಿಲ್ಲುತ್ತದೆ, ಟ್ಯೂಬ್ ಇಳಿಯದಿದ್ದರೆ ಮುಗಿಯಿತು. ಎಚ್ಚರವಿರುವಾಗಲೇ ಗಂಟಲು ಮರಗಟ್ಟಿಸಿ, ಸ್ಕೋಪಿನ ಮೇಲೆ ಸಣ್ಣ ಟ್ಯೂಬ್ ಏರಿಸಿ ಗಡ್ಡೆಯನ್ನು ದಾಟಿಸಿದ ಮೇಲೆ ಮಲಗಿಸುತ್ತಾರೆ.

ಭುಜದಡಿ ದಿಂಬಿಟ್ಟು ಕುತ್ತಿಗೆ ಹಿಂದಕ್ಕೆ ಬಾಗಿಸಿ, ಥೈರಾಯ್ಡ್ ಮತ್ತು ನಾಳದ ಪಕ್ಕದ ದುಗ್ಧಗ್ರಂಥಿಗಳನ್ನು ಬಿಡಿಸಿದ ಮೇಲೆ ಎಲ್ಲಿ ಕತ್ತರಿಸಬೇಕು ಎಂಬ ಪ್ರಶ್ನೆ. ಒಬ್ಬರು ಬ್ರಾಂಕೋಸ್ಕೋಪಿನಲ್ಲಿ ಒಳಗಿಂದ ನೋಡುತ್ತಿರುವಾಗ ಇನ್ನೊಬ್ಬರು ಹೊರಗಿನಿಂದ ಸಣ್ಣ ಸೂಜಿ ಚುಚ್ಚುತ್ತಾರೆ. ಗಡ್ಡೆ ಮುಗಿದ ಜಾಗದಲ್ಲಿ ಸೂಜಿಯ ಮೊನೆ ಕಂಡರೆ ಅಲ್ಲೇ ಗುರುತು. ಮೊದಲು ಕೆಳಗಿನ ಕಡೆ ಎರಡು ಪಕ್ಕಕ್ಕೂ ಹಿಡಿತದ ದಾರ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಕತ್ತರಿಸಿದ ತಕ್ಷಣ ಕೆಳತುದಿ ಎದೆಯೊಳಗೆ ಜಾರುತ್ತದೆ. ಕತ್ತರಿಸುತ್ತಿದ್ದಂತೆ ಬಾಯಿಯ ಟ್ಯೂಬನ್ನು ಮೇಲಕ್ಕೆ ಎಳೆದು, ತಂತಿ ಸುತ್ತಿದ ಇನ್ನೊಂದು ಶುದ್ಧ ಟ್ಯೂಬನ್ನು ಗಾಯದ ಮೂಲಕವೇ ಕೆಳತುದಿಗೆ ಸೇರಿಸಿ ಉಸಿರು ಮುಂದುವರಿಸುತ್ತಾರೆ. ಮೇಲಿನ ಕತ್ತರಿಕೆ ಆಮೇಲೆ. ಗಡ್ಡೆ ಉಳಿದಿದೆಯೇ ಎಂದು ತಕ್ಷಣ ಸೂಕ್ಷ್ಮದರ್ಶಕದಲ್ಲಿ ನೋಡಲು ಎರಡೂ ಅಂಚುಗಳ ಚೂರು ಫ್ರೋಜನ್ ಸೆಕ್ಷನ್‌ಗೆ ಹೋಗುತ್ತದೆ.

ನಾಳಕ್ಕೆ ರಕ್ತ ಬರುವುದು ಎರಡು ಪಕ್ಕದಿಂದ, ಸಣ್ಣ ಸಣ್ಣ ತುಂಡುಗಳಾಗಿ. ಆದ್ದರಿಂದ ಉಳಿಯುವ ತುದಿಯನ್ನು ಸುತ್ತಲೂ ಒಂದು ಸೆಂಟಿಮೀಟರಿಗಿಂತ ಹೆಚ್ಚು ಬಿಡಿಸಬಾರದು. ಮುಂಭಾಗವನ್ನು ಬೆರಳಿನಲ್ಲಿ ಎದೆಯೊಳಗಿನ ತನಕ ಬಿಡಿಸಿದರೆ ತೊಂದರೆಯಿಲ್ಲ, ಪಕ್ಕಗಳನ್ನು ಮುಟ್ಟಬಾರದು. ಜೋಡಣೆ ಬಿಚ್ಚಿಕೊಳ್ಳಲು ಎರಡೇ ಮುಖ್ಯ ಕಾರಣ: ರಕ್ತ ಸಾಲದಿರುವುದು, ಬಿಗಿತ ಹೆಚ್ಚಾಗುವುದು. ಐದಾರು ಉಂಗುರ, ಅಂದರೆ ಸುಮಾರು 3 ಸೆಂ.ಮೀ. ತೆಗೆದರೆ ದಿಂಬು ತೆಗೆದು ಕುತ್ತಿಗೆ ಮುಂದಕ್ಕೆ ಬಾಗಿಸಿದಾಗ ತುದಿಗಳು ತಾವೇ ಹತ್ತಿರ ಬರುತ್ತವೆ. ಇನ್ನೂ ಹೆಚ್ಚು ಬೇಕಾದರೆ ನಾಲಗೆ ಬುಡದ ಹಯಾಯ್ಡ್ ಎಲುಬಿನ ಮೇಲಿನ ಸ್ನಾಯುಗಳನ್ನು ಬಿಡಿಸಿ ಧ್ವನಿಪೆಟ್ಟಿಗೆಯನ್ನು ಒಂದೆರಡು ಸೆಂಟಿಮೀಟರು ಕೆಳಗಿಳಿಸುತ್ತಾರೆ. ಅದರ ಬೆಲೆ, ಕೆಲವು ದಿನ ನೀರು ನುಂಗುವಾಗ ಕೆಮ್ಮು. ಬೆನ್ನು ಗೂನಾದ ಮುದುಕರಲ್ಲಿ ನಾಳದ ಹೆಚ್ಚಿನ ಭಾಗ ಎದೆಯೊಳಗೇ ಹುದುಗಿರುವುದರಿಂದ ಈ ಲೆಕ್ಕಗಳೆಲ್ಲ ಕಿರಿದಾಗುತ್ತವೆ.

ಹೊಲಿಗೆ ಹಿಂದಿನ ಪೊರೆಯಿಂದ ಶುರು, ಕರಗುವ 4-0 ಎಂಬ ತೆಳು ದಾರದಲ್ಲಿ. ನಂತರ ಬಾಯಿಯ ಟ್ಯೂಬನ್ನು ಮತ್ತೆ ಕೆಳಗಿಳಿಸಿ ಜೋಡಣೆ ದಾಟಿಸಿ, ಪಕ್ಕ ಮತ್ತು ಮುಂದಿನ ಭಾಗಕ್ಕೆ ತುಸು ದಪ್ಪದ 3-0 ದಾರದ ಬಿಡಿ ಹೊಲಿಗೆಗಳು. ಎಲ್ಲ ದಾರಗಳನ್ನೂ ಮೊದಲು ಹಾಕಿ, ಆಮೇಲೆ ಒಂದೊಂದಾಗಿ ಗಂಟು ಬಿಗಿಯುತ್ತಾರೆ, ಗಂಟು ಯಾವಾಗಲೂ ಹೊರಗೆ. ಒಳಗೆ ಗಂಟು ಉಳಿದರೆ ಅದರ ಸುತ್ತ ಹಸಿಮಾಂಸ ಬೆಳೆದು ಕೆಲವು ವಾರಗಳಲ್ಲಿ ದಾರಿ ಮತ್ತೆ ಕಿರಿದಾಗುತ್ತದೆ. ಮುಗಿದ ಮೇಲೆ ಗಾಯಕ್ಕೆ ಸಲೈನ್ ಸುರಿದು, ಟ್ಯೂಬಿನ ಬಲೂನ್ ಇಳಿಸಿ, ಸುಮಾರು 25 ಸೆಂ.ಮೀ. ನೀರಿನ ಒತ್ತಡದಲ್ಲಿ ಗಾಳಿ ಒತ್ತುತ್ತಾರೆ. ಸೈಕಲ್ ಟ್ಯೂಬಿನ ಪಂಕ್ಚರ್ ನೋಡಿದ ಹಾಗೆಯೇ. ಗುಳ್ಳೆ ಎದ್ದಲ್ಲಿ ಇನ್ನೊಂದು ಹೊಲಿಗೆ. ಕೊನೆಗೆ ಜೋಡಣೆಗೂ ಎದೆಯಿಂದ ಬರುವ ದೊಡ್ಡ ರಕ್ತನಾಳಕ್ಕೂ ನಡುವೆ ಸ್ನಾಯುವಿನ ಹೊದಿಕೆ. ಇದನ್ನು ಬಿಟ್ಟರೆ, ಮುಂದೆ ಆ ರಕ್ತನಾಳ ಸವೆದು ರಕ್ತ ಹೊಮ್ಮಿದಾಗ ಉಳಿಸುವುದು ಬಹಳ ಕಷ್ಟ.

ನರದ ಬಗ್ಗೆ ಚಿಕ್ಕದಾಗಿ. ಧ್ವನಿತಂತು ಮೊದಲೇ ನಿಂತುಹೋಗಿದ್ದು ನರ ಗಡ್ಡೆಯೊಳಗೆ ಹೂತಿದ್ದರೆ ತೆಗೆಯಬಹುದು. ಕುತ್ತಿಗೆಯಲ್ಲೇ ಇರುವ ಇನ್ನೊಂದು ನರವನ್ನು ಕೆಳತುದಿಗೆ ಹೊಲಿದರೆ ತಂತು ಆಡದಿದ್ದರೂ ಸೊರಗದೆ ಉಳಿಯುತ್ತದೆ, ಸ್ವರ ಸುಧಾರಿಸುತ್ತದೆ. ತಂತು ಆಡುತ್ತಿದ್ದರೆ, ಅದರಲ್ಲೂ ಇನ್ನೊಂದು ಕಡೆಯದು ಈಗಾಗಲೇ ಹೋಗಿದ್ದರೆ, ನರದ ಮೇಲಿನ ಗಡ್ಡೆಯನ್ನು ಹೆರೆದು ನರ ಉಳಿಸಬೇಕು. ಎರಡೂ ಹೋದರೆ ತಂತುಗಳು ಮಧ್ಯದಲ್ಲಿ ನಿಂತು ಉಸಿರೇ ಕಟ್ಟುತ್ತದೆ. ಗಡ್ಡೆ ಧ್ವನಿಪೆಟ್ಟಿಗೆಯ ಬುಡದ ಉಂಗುರವಾದ ಕ್ರೈಕಾಯ್ಡ್‌ನ ಒಂದು ಪಾಲಿಗೆ ಮಾತ್ರ ತಾಗಿದ್ದರೆ ಅಷ್ಟನ್ನು ಓರೆಯಾಗಿ ಕತ್ತರಿಸಿ ಜೋಡಿಸಬಹುದು. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯುವುದು ಒಳಗೆಲ್ಲ ಗಡ್ಡೆ ತುಂಬಿದಾಗ ಮಾತ್ರ.

ಅನಪ್ಲಾಸ್ಟಿಕ್ ಎಂಬ ಜಾತಿಗೆ ಮೇಲಿನ ಯಾವ ಲೆಕ್ಕವೂ ಹೊಂದುವುದಿಲ್ಲ. ವಾರಗಳಲ್ಲಿ ದುಪ್ಪಟ್ಟಾಗುವ ಗಂಟು ಅದು. ಅಲ್ಲಿ ಮೊದಲು ಬಯಾಪ್ಸಿ, ಗಡ್ಡೆಯ ಬಿರಾಫ್ (BRAF) ಜೀನ್ ಪರೀಕ್ಷೆ. ಅದರಲ್ಲಿ ವಿ600ಇ ಎಂಬ ಬದಲಾವಣೆ ಇದ್ದರೆ ಡಾಬ್ರಾಫೆನಿಬ್ ಮತ್ತು ಟ್ರಾಮೆಟಿನಿಬ್ ಜೋಡಿ ಮಾತ್ರೆಗಳು, ಆಮೇಲೆ ಆಪರೇಷನ್ ಮಾತು. ಲೆನ್‌ವಾಟಿನಿಬ್‌ನಂತಹ ಕ್ಯಾನ್ಸರ್ ಮಾತ್ರೆಯನ್ನು ಶ್ವಾಸನಾಳಕ್ಕೆ ಇಳಿದ ಗಡ್ಡೆಗೆ ಕೊಡುವಾಗ ಎಚ್ಚರ ಬೇಕು: ಗಡ್ಡೆ ಬೇಗ ಕರಗಿ ಅಲ್ಲಿ ತೂತು ಬೀಳಬಹುದು, ರಕ್ತ ಹರಿಯಬಹುದು.

ಈಗ ಎಲ್ಲಕ್ಕಿಂತ ಹೆಚ್ಚು ಕೆಡುವ ಒಂದು ಕೆಲಸ: ಅವಸರದ ಟ್ರೇಕಿಯಾಸ್ಟಮಿ, ಅಂದರೆ ಉಸಿರಿಗಾಗಿ ಕುತ್ತಿಗೆ ಕುಯ್ದು ಶ್ವಾಸನಾಳಕ್ಕೆ ತೂತು ಮಾಡುವುದು. ರಾತ್ರಿ ಉಸಿರು ಕಟ್ಟಿ ಬಂದವರ ಕುತ್ತಿಗೆಯನ್ನು ಅಲ್ಲೇ ಕುಯ್ಯಲು ಹೋದರೆ ಕತ್ತಿ ನೇರ ಗಡ್ಡೆಯ ಮೇಲೆ. ರಕ್ತ ನಿಲ್ಲುವುದಿಲ್ಲ, ಪಕ್ಕಕ್ಕೆ ಸರಿದ ನಾಳ ಕೈಗೆ ಸಿಗುವುದಿಲ್ಲ, ಸಿಕ್ಕರೂ ತೂತು ಮಾಡಿದ ಉಂಗುರಗಳು ಮುಂದಿನ ಜೋಡಣೆಗೆ ನಷ್ಟ. ಸಾಧ್ಯವಾದರೆ ತಲೆ ಎತ್ತರಿಸಿ ಕೂರಿಸಿ, ಆಮ್ಲಜನಕ, ಸ್ಟೀರಾಯ್ಡ್ ಚುಚ್ಚುಮದ್ದು, ಅಡ್ರಿನಲಿನ್ ನೆಬ್ಯುಲೈಸೇಷನ್ ಕೊಟ್ಟು ಸಮಯ ಗಳಿಸಿ, ಸ್ಕೋಪಿನ ಮೇಲೆ ಟ್ಯೂಬ್ ಹಾಕುವವರ ಬಳಿ ಕರೆದೊಯ್ಯಬೇಕು. ಗಟ್ಟಿ ಬ್ರಾಂಕೋಸ್ಕೋಪಿನಲ್ಲಿ ಒಳಗಿನ ಗಡ್ಡೆಯನ್ನು ಕೆರೆದು ದಾರಿ ಮಾಡಿದರೆ ಆಪರೇಷನ್ ತನಕ ಕಾಯಬಹುದು. ಆಪರೇಷನ್ ಆಗಬಲ್ಲವರಿಗೆ ಲೋಹದ ಸ್ಟೆಂಟ್ ಹಾಕಬಾರದು.

ನಮ್ಮ ಜಿಲ್ಲೆಯ ತೊಡಕು ದಾರಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು 140ರ ಆಸುಪಾಸು, ಬೆಂಗಳೂರು 250ರ ಮೇಲೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಂಗಳೂರು ದಾರಿಯ ಸಂಪಾಜೆ ಘಾಟ್ ಮುಚ್ಚಿದ್ದು ಯಾರೂ ಮರೆತಿಲ್ಲ. ಸದ್ದು ಶುರುವಾದವರು ಮಳೆ ಮುಗಿಯಲಿ ಎಂದು ಕಾಯಬಾರದು, ಮಳೆ ಹಿಡಿಯುವ ಮೊದಲೇ ಹೋಗಬೇಕು. ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಘಾಟ್ ಇಳಿದರೆ ಕೇರಳದ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರೂ ಇದೆ, ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಹೋಗುವಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಶ್ವಾಸನಾಳ ಕತ್ತರಿಸಿ ಜೋಡಿಸುವ ತಂಡ, ಅಂದರೆ ಕುತ್ತಿಗೆಯ ಸರ್ಜನ್, ಎದೆಯ ಸರ್ಜನ್, ಅದಕ್ಕೆ ಒಗ್ಗಿದ ಅರಿವಳಿಕೆಯವರು ನಿಮ್ಮಲ್ಲಿ ಇದ್ದಾರೆಯೇ? ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ರಾಜ್ಯದೊಳಗೆ ಹೋಗುವುದಾದರೆ ಮಡಿಕೇರಿಯ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಮೊದಲೇ ಮಾಡಿಸಿಕೊಳ್ಳಿ.

ಆಪರೇಷನ್ ಆದವರು ಎದ್ದಾಗ ಗಲ್ಲ ಮತ್ತು ಎದೆಯ ಚರ್ಮದ ನಡುವೆ ದಪ್ಪ ದಾರದ ಹೊಲಿಗೆ ಇರಬಹುದು. ನೋಡಿದವರು ಹೆದರುತ್ತಾರೆ. ಅದು ಕುತ್ತಿಗೆ ಹಿಂದಕ್ಕೆ ಹೋಗದಂತೆ ಹಾಕಿದ ನೆನಪಿನ ದಾರ, ಸುಮಾರು 7 ದಿನ ಇರುತ್ತದೆ. ಗಲ್ಲವನ್ನು ಎದೆಗೆ ಅಂಟಿಸುವಷ್ಟು ಬಿಗಿಯಬಾರದು, ಅತಿಯಾದರೆ ಬೆನ್ನುಹುರಿಗೇ ಅಪಾಯ. ಸ್ಟ್ರಾದಲ್ಲಿ ಕುಡಿಯಬೇಕು, ದಿಂಬುಗಳಿಗೆ ಒರಗಿ ಮಲಗಬೇಕು. ಮೊದಲ 24 ಗಂಟೆ ಕುತ್ತಿಗೆ ದಿಢೀರ್ ಊದಿದರೆ ಒಳಗೆ ರಕ್ತ ಕಟ್ಟುತ್ತಿದೆ. ವಾರ್ಡಿನಲ್ಲೇ ಹೊಲಿಗೆ ಬಿಚ್ಚುವ ಕತ್ತರಿ ಹಾಸಿಗೆ ಪಕ್ಕ ಇರಲೇಬೇಕು. ಐದರಿಂದ ಹತ್ತನೇ ದಿನದೊಳಗೆ ಕುತ್ತಿಗೆಯ ಚರ್ಮ ಒತ್ತಿದಾಗ ಚರಚರ ಎಂದರೆ ಜೋಡಣೆಯಿಂದ ಗಾಳಿ ಸೋರುತ್ತಿದೆ. ಸಕ್ಕರೆ ಕಾಯಿಲೆ, ಹಿಂದೆ ರೇಡಿಯೇಷನ್ ಆಗಿರುವುದು, ಸ್ಟೀರಾಯ್ಡ್ ಸೇವನೆ ಇದ್ದವರಲ್ಲಿ ಇದು ಹೆಚ್ಚು. ಆದ್ದರಿಂದ ಡಿಸ್ಚಾರ್ಜ್ ಆದ ದಿನವೇ ಭಾಗಮಂಡಲದ ಆಚೆಯ ತೋಟಕ್ಕೆ ಹೊರಡದೆ ಎರಡು ವಾರ ಆಸ್ಪತ್ರೆಯ ಊರಲ್ಲೇ ನೆಂಟರ ಮನೆಯಲ್ಲಿ ಇರುವುದು ಒಳ್ಳೆಯದು.

ತುಟಿಯ ಸುತ್ತ, ಬೆರಳ ತುದಿ ಜುಮ್ಮೆಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿದೆ. ತಡಮಾಡಿದರೆ ಧ್ವನಿಪೆಟ್ಟಿಗೆಯೇ ಸೆಟೆದುಕೊಳ್ಳುತ್ತದೆ, ಹೊಸ ಜೋಡಣೆ ಇರುವವರಿಗೆ ಅದು ಬೇಡವೇ ಬೇಡ. ತೆಗೆದ ಗ್ರಂಥಿಯ ಹಾರ್ಮೋನಿಗೆ ಬದಲಾಗಿ ಕೊಡುವ ಥೈರಾಕ್ಸಿನ್ ಮಾತ್ರೆ ದಿನಕ್ಕೆ ದೇಹತೂಕದ ಕಿಲೋಗೆ ಸುಮಾರು 1.6 ಮೈಕ್ರೋಗ್ರಾಂನಿಂದ ಶುರುವಾಗಿ, ಥೈರಾಯ್ಡ್ ಕಣಗಳನ್ನು ಬೆಳೆಸುವ ಹಾರ್ಮೋನಾದ ಟಿಎಸ್‌ಎಚ್ 0.1ಕ್ಕಿಂತ ಕೆಳಗಿರುವಂತೆ ಹೊಂದಿಸುತ್ತಾರೆ. ನಮ್ಮವರ ಎಡವಟ್ಟು ಇಲ್ಲೇ: ಎದ್ದೊಡನೆ ಬೆಲ್ಲದ ಕಾಫಿ, ಅದರ ಜೊತೆಗೇ ಮಾತ್ರೆ. ಕಾಫಿಯು ದೇಹಕ್ಕೆ ಮಾತ್ರೆಯನ್ನು ಚೆನ್ನಾಗಿ ಹೀರಲು ಬಿಡುವುದಿಲ್ಲ. ಬರೀ ನೀರಿನಲ್ಲಿ ನುಂಗಿ ಒಂದು ಗಂಟೆ ಬಿಟ್ಟು ಕಾಫಿ. ಕ್ಯಾಲ್ಸಿಯಂ ಮಾತ್ರೆಗೆ 4 ಗಂಟೆ ಅಂತರ.

ರೇಡಿಯೋ ಅಯೋಡಿನ್‌ಗೆ ಮೊದಲು ಒಂದೆರಡು ವಾರ ಅಯೋಡಿನ್ ಕಡಿಮೆಯ ಊಟ. ಕಡಂಬುಟ್ಟು, ನೂಲ್ಪುಟ್ಟು, ಕಾಚಂಪುಳಿ ಹಾಕಿದ ಪಂದಿ ಕರಿ ಎಲ್ಲವೂ ನಡೆಯುತ್ತದೆ, ಅಯೋಡಿನ್ ಇಲ್ಲದ ಉಪ್ಪಿನಲ್ಲಿ ಮನೆಯಲ್ಲೇ ಮಾಡಿದರೆ. ಕಲ್ಲುಪ್ಪು ಅಂದಮಾತ್ರಕ್ಕೆ ಅಯೋಡಿನ್ ಇಲ್ಲವೆಂದಲ್ಲ, ಪೊಟ್ಟಣ ಓದಬೇಕು. ಸಮುದ್ರದ ಮೀನು, ಒಣಮೀನು, ಸಿಗಡಿ, ಬೇಕರಿ ತಿಂಡಿ ಬೇಡ. ಹೊಳೆ ಮೀನು ಆಗಬಹುದು. ಗಡ್ಡೆ ಸ್ವಲ್ಪ ಉಳಿದಿದ್ದರೆ, ಈ ಚಿಕಿತ್ಸೆಗಾಗಿ ಟಿಎಸ್‌ಎಚ್ ಏರಿಸಿದಾಗ ಅದು ಊದಿ ದಾರಿ ಕಿರಿದಾಗಬಹುದು, ಅಂಥವರಿಗೆ ಸ್ಟೀರಾಯ್ಡ್ ರಕ್ಷಣೆ ಕೊಟ್ಟೇ ಮಾಡುತ್ತಾರೆ.

ಕೆಲಸಕ್ಕೆ ಮರಳುವ ವಿಷಯ. ಕಾಫಿ ಕೊಯ್ಲು ತಲೆ ತಗ್ಗಿಸಿ ಮಾಡುವ ಕೆಲಸ, ಎರಡು ತಿಂಗಳ ನಂತರ ಬ್ರಾಂಕೋಸ್ಕೋಪಿಯಲ್ಲಿ ಜೋಡಣೆ ಚೆನ್ನಾಗಿ ಕೂಡಿದೆ ಎಂದು ಕಂಡರೆ ಮಾಡಬಹುದು. ಕರಿಮೆಣಸು ಹಾಗಲ್ಲ. ಸಿಲ್ವರ್ ಮರಕ್ಕೆ ಒರಗಿಸಿದ ಏಣಿಯ ಮೇಲೆ ನಿಂತು, ಕುತ್ತಿಗೆ ಪೂರ್ತಿ ಹಿಂದಕ್ಕೆ ಎಸೆದು ಮೇಲಿನ ಗೊಂಚಲಿಗೆ ಕೈಚಾಚುವ ಕೆಲಸ ಅದು. ಆ ವರ್ಷದ ಮೆಣಸು ಬೇರೆಯವರು ಕೊಯ್ಯಲಿ.